ಜಾರುವುದನ್ನು ಕಲಿಸುವ ಬಯಲು

ನೀರಿಗಿಳಿಯದೆ ಈಜು ಬಾರದು ಎಂಬುದು ಎಲ್ಲರೂ ಬಲ್ಲ ಮಾತು. ಮೋಟಾರು ಓಡಿಸುವ ವಿದ್ಯೆಗೂ ಈ ಮಾತು ಸಲ್ಲುತ್ತದೆ. ಕಲಿಯುವವನು ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕುಳಿತು ಕ್ಲಚ್ಚು ಬಿಡುವುದನ್ನು, ಗೇರು ಬದಲಿಸುವುದನ್ನು, ಹಿಂದಕ್ಕೆ ತೆಗೆಯುವುದನ್ನು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದನ್ನು ಅಭ್ಯಾಸ ಮಾಡುತ್ತಾನೆ. ಪರೀಕ್ಷೆ ಕೊಡುತ್ತಾನೆ. ಲೈಸೆನ್ಸು ಕೈಗೆ ಬರುತ್ತದೆ. ಮನೆಯಲ್ಲಿ ಸಿಹಿ ಹಂಚುತ್ತಾರೆ. ಆದರೆ ಅವನು ನಿಜವಾಗಿ ನೀರಿಗಿಳಿದನೆ? ಮೊಣಕಾಲುದ್ದದ ನೀರಿನಲ್ಲಿ ನಡೆದಾಡಿ ಬಂದನೆಂದರೆ ಹೆಚ್ಚು ಸರಿಯಾದೀತು.

ಮಳೆಯಲ್ಲಿ ತೊಯ್ದ ತಿರುವಿನಲ್ಲಿ ಕಾರಿನ ಹಿಂಬದಿ ಪಕ್ಕಕ್ಕೆ ಸರಿದಾಗ, ಬೇಲಿಯ ಮರೆಯಿಂದ ಎಮ್ಮೆಯೊಂದು ಹಠಾತ್ತಾಗಿ ಅಡ್ಡ ಬಂದಾಗ, ಎಡಗಡೆಯ ಗಾಲಿಗಳು ಡಾಂಬರಿನ ಅಂಚಿನಿಂದ ಮಣ್ಣಿಗೆ ಇಳಿದಾಗ ಕೈಕಾಲು ಏನು ಮಾಡಬೇಕೆಂಬುದನ್ನು ಅವನು ಎಲ್ಲಿಯೂ ಮಾಡಿ ನೋಡಿರುವುದಿಲ್ಲ. ಮೊದಲ ಬಾರಿಗೆ ಮಾಡಬೇಕಾಗಿ ಬರುವುದು ನಿಜವಾದ ಅಪಾಯದ ನಡುವೆಯೇ. ಆಗ ವಿಚಾರ ಮಾಡಲು ಇರುವ ಕಾಲಾವಕಾಶ ಒಂದೆರಡು ಸೆಕೆಂಡು.

ಇದರ ಬೆಲೆ ಅಲ್ಪವಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 12 ಲಕ್ಷ ಮಂದಿ ರಸ್ತೆ ಅಪಘಾತಗಳಲ್ಲಿ ಸಾಯುತ್ತಾರೆಂದೂ, 5ರಿಂದ 29 ವರ್ಷ ವಯಸ್ಸಿನವರ ಸಾವಿಗೆ ಇದೇ ಮೊದಲನೆಯ ಕಾರಣವೆಂದೂ ವಿಶ್ವ ಆರೋಗ್ಯ ಸಂಸ್ಥೆ 2023ರ ವರದಿಯಲ್ಲಿ ತಿಳಿಸಿದೆ. ನಮ್ಮ ದೇಶವೊಂದರಲ್ಲಿಯೇ 2022ರಲ್ಲಿ ಹೀಗೆ ಸತ್ತವರ ಸಂಖ್ಯೆ 1,68,491. ಎಲ್ಲ ಸಾವಿಗೂ ಚಾಲಕನ ಅಜ್ಞಾನವೇ ಕಾರಣವೆಂದು ಹೇಳಲಾಗದು. ಆದರೆ ಹೊಸದಾಗಿ ಚಕ್ರ ಹಿಡಿದ ಹುಡುಗ ಹುಡುಗಿಯರಿಗೆ ಅಪಾಯ ಹೆಚ್ಚೆಂಬುದು ಎಲ್ಲ ದೇಶಗಳ ಅನುಭವ.

ಈ ಕೊರತೆಯನ್ನು ತುಂಬುವುದಕ್ಕಾಗಿ ಕೆಲವು ದೇಶಗಳಲ್ಲಿ ಒಂದು ಏರ್ಪಾಡು ಬೆಳೆದು ಬಂದಿದೆ. ವಾಹನ ಸಂಚಾರವಿಲ್ಲದ ವಿಶಾಲವಾದ ಬಯಲಿನಲ್ಲಿ, ಪಕ್ಕದಲ್ಲಿ ಅನುಭವಸ್ಥ ಶಿಕ್ಷಕನನ್ನು ಕೂಡಿಸಿಕೊಂಡು, ಬೇಕೆಂದೇ ಕಾರನ್ನು ಹಿಡಿತ ತಪ್ಪುವ ಅಂಚಿಗೆ ಒಯ್ದು, ಅಲ್ಲಿ ಏನಾಗುತ್ತದೆಂಬುದನ್ನು ಕಲಿಯುವವನಿಗೇ ತೋರಿಸಿಕೊಡುವ ಏರ್ಪಾಡು ಅದು. ಅದನ್ನು ನಡೆಸುವ ಕ್ರಮವೇನು, ಅದರಿಂದ ಬರುವ ಲಾಭವೇನು, ತಪ್ಪಾಗಿ ನಡೆಸಿದರೆ ಒದಗುವ ಕೇಡೇನು ಎಂಬುದನ್ನು ಇಲ್ಲಿ ನೋಡೋಣ.

ನಾಲ್ಕು ಅಂಗೈಗಳ ಹಿಡಿತ

ಮೊದಲು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಸಾವಿರ ಕಿಲೋಗ್ರಾಮಿಗೂ ಮಿಕ್ಕಿ ತೂಗುವ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಪ್ರತಿಯೊಂದು ಟೈರೂ ನೆಲಕ್ಕೆ ತಾಗುವ ಜಾಗ ಹೆಚ್ಚು ಕಡಿಮೆ ನಮ್ಮ ಒಂದು ಅಂಗೈಯಷ್ಟು. ವೇಗ ಹೆಚ್ಚಿಸುವುದು, ನಿಲ್ಲಿಸುವುದು, ತಿರುಗಿಸುವುದು ಈ ಮೂರು ಕೆಲಸವೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ ಆಗಬೇಕು. ಆ ಹಿಡಿತಕ್ಕೆ ಒಂದು ಮಿತಿ ಉಂಟು. ತಿಂಗಳ ಸಂಬಳದಂತೆ ಅದು. ಬ್ರೇಕಿಗೆ ಹೆಚ್ಚು ವೆಚ್ಚವಾದರೆ ತಿರುವಿಗೆ ಉಳಿಯುವುದು ಕಡಿಮೆ. ಎರಡಕ್ಕೂ ಒಟ್ಟಿಗೆ ಹೆಚ್ಚು ಕೇಳಿದರೆ ಕಾರು ದಿವಾಳಿಯಾಗುತ್ತದೆ, ಎಂದರೆ ಜಾರುತ್ತದೆ.

ವೇಗದ ಲೆಕ್ಕ ಇನ್ನೂ ಕಠಿಣವಾದುದು. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಕಾರು ಓಡುವ ದೂರ ಇಮ್ಮಡಿಯಲ್ಲ, ನಾಲ್ಮಡಿ. ಒಳ್ಳೆಯ ಒಣ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರು ವೇಗದ ಕಾರು ಬ್ರೇಕು ಬಿದ್ದ ಮೇಲೆ ಸುಮಾರು 5 ಮೀಟರಿನಲ್ಲಿ ನಿಂತರೆ, 60 ಕಿಲೋಮೀಟರು ವೇಗದ ಕಾರಿಗೆ ಸುಮಾರು 20 ಮೀಟರು ಬೇಕು. ಕಣ್ಣು ಕಂಡು ಕಾಲು ಬ್ರೇಕನ್ನು ಮುಟ್ಟುವುದರೊಳಗೆ ಓಡಿದ ದೂರ ಇದಕ್ಕೆ ಸೇರಿಲ್ಲ.

ಇನ್ನೊಂದು ಲೆಕ್ಕವನ್ನು ನೋಡಿ. ಎರಡು ಕಾರುಗಳು ಅಕ್ಕಪಕ್ಕದಲ್ಲಿ ಬರುತ್ತಿವೆ; ಒಂದರ ವೇಗ 50, ಇನ್ನೊಂದರದು 60. ಇಬ್ಬರು ಚಾಲಕರಿಗೂ ಒಂದೇ ಕ್ಷಣದಲ್ಲಿ, ಒಂದೇ ದೂರದಲ್ಲಿ ಅಡ್ಡಿಯೊಂದು ಕಾಣುತ್ತದೆ. ಇಬ್ಬರೂ ಒಂದು ಸೆಕೆಂಡಿನ ಮೇಲೆ ಪೂರ್ತಿ ಬ್ರೇಕು ಒತ್ತುತ್ತಾರೆ. 50ರ ವೇಗದ ಕಾರು ಸುಮಾರು 28 ಮೀಟರು ಸಾಗಿ, ಅಡ್ಡಿಗೆ ತಾಗಿಯೂ ತಾಗದಂತೆ ನಿಲ್ಲುತ್ತದೆನ್ನೋಣ. ಅದೇ ಜಾಗದಲ್ಲಿ ಇನ್ನೊಂದು ಕಾರಿನ ವೇಗವೆಷ್ಟು? ಹತ್ತು ಎಂದು ಹೇಳುವವರೇ ಹೆಚ್ಚು. ನಿಜವಾಗಿ ಅದು ಇನ್ನೂ ಸುಮಾರು 40 ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ. ಹಲಗೆಯ ಮೇಲೆ ಈ ಲೆಕ್ಕವನ್ನು ಬರೆದು ತೋರಿಸಿದರೆ ವಿದ್ಯಾರ್ಥಿ ತಲೆಯಾಡಿಸುತ್ತಾನೆ. ಬಯಲಿನಲ್ಲಿ ತಾನೇ ಅದನ್ನು ಅನುಭವಿಸಿದರೆ ಸುಮ್ಮನಾಗುತ್ತಾನೆ. ಈ ಎರಡರ ನಡುವಣ ಅಂತರಕ್ಕಾಗಿಯೇ ಬಯಲಿನ ಪಾಠ ಬೇಕಾಗಿರುವುದು.

ಎಲ್ಲಿಂದ ಬಂತು ಈ ಪದ್ಧತಿ

ಇದು ತೀರ ಹೊಸದೇನೂ ಅಲ್ಲ. ಲಂಡನ್ನಿನ ಬಸ್ಸುಗಳಿಗಾಗಿ 1921ರಲ್ಲಿ ತೆರೆದ ಚಿಸ್ವಿಕ್ ಕಾರ್ಯಾಗಾರದಲ್ಲಿ ಮುಂದೆ ಒಂದು ಜಾರುನೆಲವೂ ಹೆಸರಾಯಿತು. ಬಸ್ಸು ಓಡಿಸಲು ಕಲಿಯುವವರು ನೀರು ಹರಿಸಿದ ಆ ನೆಲದ ಮೇಲೆ ಎರಡಂತಸ್ತಿನ ಬಸ್ಸನ್ನು ಬೇಕೆಂದೇ ಜಾರಿಸಿ ಮತ್ತೆ ನೇರ ಮಾಡಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದರು. ವರ್ಷದಲ್ಲಿ ಹಲವು ತಿಂಗಳು ಹಿಮ ಬೀಳುವ ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್ ದೇಶಗಳಲ್ಲಿ ಜಾರುನೆಲದ ಪಾಠ ಲೈಸೆನ್ಸಿನ ಶಿಕ್ಷಣದಲ್ಲಿಯೇ ಸೇರಿತು. ಅಮೆರಿಕದಲ್ಲಿ 'ಸ್ಟ್ರೀಟ್ ಸರ್ವೈವಲ್' ಎಂಬ ಒಂದು ದಿನದ ಶಾಲೆ 2002ರಲ್ಲಿ ಆರಂಭವಾಯಿತು. ಕಾರು ಪ್ರಿಯರ ಸಂಘವೊಂದರ ದತ್ತಿಸಂಸ್ಥೆ ಅದನ್ನು ನಡೆಸುತ್ತದೆ. 15ರಿಂದ 21 ವರ್ಷದವರೆಗಿನ ಹುಡುಗ ಹುಡುಗಿಯರು ತಮ್ಮ ಮನೆಯ ಕಾರನ್ನೇ ತರುತ್ತಾರೆ, ದೊಡ್ಡ ವಾಹನ ನಿಲ್ದಾಣದ ಖಾಲಿ ಬಯಲಿನಲ್ಲಿ ಪಾಠ ನಡೆಯುತ್ತದೆ, ಶಿಕ್ಷಕರು ಸ್ವಯಂಸೇವಕರು.

ಮನೆಯ ಕಾರನ್ನೇ ಏಕೆ ತರಬೇಕೆಂದು ಕೇಳಬಹುದು. ಒಂದೊಂದು ಕಾರಿನ ಬ್ರೇಕಿಗೂ ಸ್ಟಿಯರಿಂಗಿಗೂ ಒಂದೊಂದು ಗುಣ. ನಾಳೆ ಮಳೆಯಲ್ಲಿ ಅವನು ಓಡಿಸುವುದು ಶಾಲೆಯ ಕಾರನ್ನಲ್ಲ, ಅಪ್ಪನ ಕಾರನ್ನು. ಅದರ ಗುಣವನ್ನೇ ಅವನು ಅರಿಯಬೇಕು.

ಬಯಲಿನ ಸಿದ್ಧತೆ

ಇಂಥ ಪಾಠದಲ್ಲಿ ಅರ್ಧ ಕೆಲಸ ಸಿದ್ಧತೆಯದು. ನೆಲ ಡಾಂಬರಿನದೋ ಕಾಂಕ್ರೀಟಿನದೋ ಆಗಿ ಸಮವಾಗಿರಬೇಕು. ದೀಪದ ಕಂಬ, ಕಲ್ಲಿನ ಕಟ್ಟೆ, ಚರಂಡಿ ಇವು ಹತ್ತಿರ ಇರಕೂಡದು. ಕಾರು ದಾರಿ ತಪ್ಪಿದರೆ ಓಡಿ ನಿಲ್ಲಲು ಎಲ್ಲ ದಿಕ್ಕಿನಲ್ಲಿಯೂ ಖಾಲಿ ಜಾಗ ಬೇಕು. ದಾರಿಯನ್ನು ಗುರುತು ಮಾಡಲು ರಬ್ಬರಿನ ಕೋನ್‌ಗಳು ಸಾಕು. ಅವು ಬಿದ್ದರೆ ಕಾರಿಗೆ ನಷ್ಟವಿಲ್ಲ, ಆದರೆ ಬಿದ್ದದ್ದು ಎಲ್ಲರಿಗೂ ಕಾಣುತ್ತದೆ. ನೆಲ ತೋಯಿಸಲು ನೀರಿನ ಟ್ಯಾಂಕರೊಂದು ಬೇಕು.

ಪ್ರತಿಯೊಂದು ಅಭ್ಯಾಸಕ್ಕೂ ಒಬ್ಬ ಮೇಲ್ವಿಚಾರಕ ಕೆಂಪು ಬಾವುಟ ಹಿಡಿದು ನಿಲ್ಲುತ್ತಾನೆ. ಬಾವುಟ ಏರಿತೆಂದರೆ ಎಲ್ಲ ಕಾರುಗಳೂ ನಿಂತಲ್ಲಿಯೇ ನಿಲ್ಲಬೇಕು, ಅದಕ್ಕೆ ಪ್ರಶ್ನೆಯಿಲ್ಲ. ಎಲ್ಲ ಕಾರುಗಳೂ ಒಂದೇ ದಿಕ್ಕಿನಲ್ಲಿ ಓಡಬೇಕು. ನಡೆದು ಹೋಗುವವರಿಗೆ ಬೇರೆಯೇ ದಾರಿ. ನೋಡಲು ಬಂದ ತಂದೆತಾಯಿಗಳು ಹಗ್ಗದ ಹೊರಗೆ ಕುಳಿತುಕೊಳ್ಳಬೇಕು. ವಿದ್ಯಾರ್ಥಿಗಳನ್ನು ಎರಡು ತಂಡ ಮಾಡಿ, ಒಂದು ತಂಡ ಬಯಲಿನಲ್ಲಿರುವಾಗ ಇನ್ನೊಂದಕ್ಕೆ ಕೊಠಡಿಯಲ್ಲಿ ಪಾಠ ಹೇಳುತ್ತಾರೆ. ಹೀಗಾದರೆ ಯಾರೂ ಕಾದು ಬೇಸರಪಡುವುದಿಲ್ಲ, ಬಯಲಿನಲ್ಲಿ ಗದ್ದಲವೂ ಇರುವುದಿಲ್ಲ.

ಬೆಳಗ್ಗೆ ಮೊದಲ ಕೆಲಸ ಕಾರಿನ ತಪಾಸಣೆ. ಟೈರಿನ ಗಾಳಿ, ಅದರ ಸವೆತ, ಗಾಲಿಯ ಬೋಲ್ಟುಗಳ ಬಿಗಿ, ಬ್ರೇಕಿನ ಎಣ್ಣೆ, ಬ್ಯಾಟರಿಯ ಕಟ್ಟು, ಸೀಟಿನ ಪಟ್ಟಿ ಇಷ್ಟನ್ನೂ ವಿದ್ಯಾರ್ಥಿಯ ಕೈಯಿಂದಲೇ ಮಾಡಿಸುತ್ತಾರೆ. ಅನಂತರ ಕಾರಿನೊಳಗೆ ಸಡಿಲವಾಗಿರುವುದೆಲ್ಲ ಹೊರಕ್ಕೆ ಬರಬೇಕು: ನೀರಿನ ಸೀಸೆ, ಕೊಡೆ, ಪುಸ್ತಕ, ಡಿಕ್ಕಿಯಲ್ಲಿನ ಸಾಮಾನು. ಸೀಟಿನ ಕೆಳಗಿನ ಸೀಸೆ ಉರುಳಿ ಬ್ರೇಕಿನ ಅಡಿಗೆ ಹೋದರೆ ಏನಾದೀತೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಷ್ಟೋ ಮನೆಗಳಲ್ಲಿ ಟೈರಿನ ಗಾಳಿ ಕಡಿಮೆಯಿದ್ದುದು ಅಂದೇ ಬೆಳಕಿಗೆ ಬರುವುದುಂಟು.

ಕೂರುವ ಕ್ರಮ

ಎಂಜಿನ್ ಚಾಲೂ ಮಾಡುವ ಮೊದಲೇ ಒಂದು ಪಾಠವಿದೆ. ಬ್ರೇಕನ್ನು ತಳದವರೆಗೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರುವಷ್ಟು ಹತ್ತಿರ ಆಸನವಿರಬೇಕು. ಬೆನ್ನು ಆಸನಕ್ಕೆ ತಾಗಿರುವಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲಂಚನ್ನು ಮುಟ್ಟಬೇಕು. ಸ್ಟಿಯರಿಂಗಿನಲ್ಲಿ ಗಾಳಿಚೀಲ ಅಡಗಿರುವುದರಿಂದ ಎದೆಗೂ ಅದಕ್ಕೂ ನಡುವೆ ಕಡಮೆಯೆಂದರೆ 25 ಸೆಂಟಿಮೀಟರು ಅಂತರವಿರಬೇಕು. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರು ಗಂಟೆಯ ಸ್ಥಾನದಲ್ಲಿರಬೇಕು. ಒಂದು ಕೈ ಕಿಟಕಿಯ ಮೇಲೆ, ಇನ್ನೊಂದು ಗೇರಿನ ಮೇಲೆ ಇಟ್ಟುಕೊಂಡು ಆರಾಮಕುರ್ಚಿಯಲ್ಲಿ ಒರಗಿದಂತೆ ಒರಗುವವರಿಗೆ ಇದು ಹಿಂಸೆಯಂತೆ ತೋರಬಹುದು. ಆದರೆ ಒರಗಿ ಕುಳಿತವನ ಕಾಲಿಗೆ ಪೂರ್ತಿ ಬ್ರೇಕು ಒತ್ತುವ ಬಲವಿರುವುದಿಲ್ಲ. ಅವನ ಕೈ ಚಕ್ರವನ್ನು ತಿರುಗಿಸುವುದಕ್ಕಿಂತ ಹೆಚ್ಚಾಗಿ ಅದಕ್ಕೆ ಜೋತುಬಿದ್ದಿರುತ್ತದೆ.

ಬ್ರೇಕಿನ ಪಾಠ

ಮೊದಲನೆಯ ಅಭ್ಯಾಸ ಸರಳ. ನೇರವಾದ ದಾರಿ, ಕೊನೆಯಲ್ಲಿ ಎರಡು ಕೋನ್‌ಗಳ ಬಾಗಿಲು. 40 ಕಿಲೋಮೀಟರು ವೇಗದಲ್ಲಿ ಬಂದು, ಬಾಗಿಲನ್ನು ಮುಟ್ಟಿದೊಡನೆ ಪೂರ್ತಿ ಬಲದಿಂದ ಬ್ರೇಕು ಒತ್ತಬೇಕು. ಚಪ್ಪಲಿಯ ಕಾಲಿನಿಂದ ಚೇಳನ್ನು ಮೆಟ್ಟಿದಂತೆ ಒತ್ತಬೇಕೆಂದು ಹೇಳಿದರೆ ನಮ್ಮವರಿಗೆ ಬೇಗ ಅರ್ಥವಾದೀತು. ಮೊದಲ ಸಲ ಯಾರೂ ಹಾಗೆ ಒತ್ತುವುದಿಲ್ಲ. ಮೆಲ್ಲಗೆ ಒತ್ತುವುದೇ ನಯವೆಂದು ಇದುವರೆಗೆ ಕಲಿತಿದ್ದಾರಲ್ಲವೆ?

ಎರಡನೆಯ ಸಲ ಬಲವಾಗಿ ಒತ್ತುತ್ತಾರೆ. ಆಗ ಪಾದದ ಕೆಳಗೆ ಬ್ರೇಕು ಗಡಗಡ ನಡುಗುತ್ತದೆ, ಕೆಳಗಿನಿಂದ ಕರಕರ ಸದ್ದು ಬರುತ್ತದೆ. ಏನೋ ಮುರಿಯಿತೆಂದು ಬೆದರಿ ಕಾಲು ತೆಗೆದುಬಿಡುತ್ತಾರೆ! ಅದು ಮುರಿದ ಸದ್ದಲ್ಲ, ಎ.ಬಿ.ಎಸ್. ಎಂಬ ಸಾಧನ ಕೆಲಸ ಮಾಡುವ ಸದ್ದು. ಗಾಲಿ ಪೂರ್ತಿ ಬಿಗಿದುಕೊಂಡರೆ ಕಾರು ಜಾರುತ್ತದೆ, ಚಕ್ರ ತಿರುಗಿಸಿದರೂ ತಿರುಗುವುದಿಲ್ಲ. ಆದುದರಿಂದ ಗಾಲಿ ಬಿಗಿಯುವ ಸೂಚನೆ ಕಂಡೊಡನೆ ಈ ಸಾಧನ ಬ್ರೇಕನ್ನು ಸೆಕೆಂಡಿಗೆ ಹಲವು ಬಾರಿ ಬಿಟ್ಟು ಹಿಡಿದು ಮಾಡಿ ಗಾಲಿಯನ್ನು ಉರುಳುವಂತೆ ಇಡುತ್ತದೆ. ನಮ್ಮ ದೇಶದಲ್ಲಿ 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಗಿದೆ. ಕಾರಿನಲ್ಲಿ ಇದು ಇದ್ದರೂ ಅದರ ನಡುಕವನ್ನು ಎಂದೂ ಅನುಭವಿಸದವನು ಬೇಕಾದ ಹೊತ್ತಿನಲ್ಲಿಯೇ ಕಾಲು ತೆಗೆದುಬಿಟ್ಟರೆ ಆ ಸಾಧನದಿಂದ ಏನು ಫಲ? ಎರಡು ಮೂರು ಬಾರಿ ಬಯಲಿನಲ್ಲಿ ಅನುಭವಿಸಿದರೆ ಹೆದರಿಕೆ ಬಿಡುತ್ತದೆ. ಎ.ಬಿ.ಎಸ್. ಇಲ್ಲದ ಹಳೆಯ ಕಾರಾದರೆ ಗಾಲಿ ಬಿಗಿದಾಗ ಬ್ರೇಕನ್ನು ಚೂರು ಸಡಿಲಿಸಿ ಮತ್ತೆ ಒತ್ತುವುದನ್ನು ಕಲಿಸಬೇಕಾಗುತ್ತದೆ.

ಅನಂತರ ವೇಗವನ್ನು 50ಕ್ಕೆ, 60ಕ್ಕೆ ಏರಿಸುತ್ತಾರೆ. ಆಮೇಲೆ ನೆಲವನ್ನು ತೋಯಿಸುತ್ತಾರೆ. ಇಲ್ಲಿ ಒಳ್ಳೆಯ ಶಿಕ್ಷಕನೊಬ್ಬ ಮಾಡುವ ಉಪಾಯವಿದೆ. ಪ್ರತಿ ಓಟದ ಮೊದಲು ವಿದ್ಯಾರ್ಥಿಯ ಕೈಗೆ ಒಂದು ಕೋನ್ ಕೊಟ್ಟು, "ಕಾರು ಎಲ್ಲಿ ನಿಲ್ಲುತ್ತದೆನ್ನುತ್ತೀಯೋ ಅಲ್ಲಿ ಇಟ್ಟು ಬಾ" ಎನ್ನುತ್ತಾನೆ. ವಿದ್ಯಾರ್ಥಿ ಇಟ್ಟು ಬರುತ್ತಾನೆ. ಕಾರು ಅದನ್ನು ಕೆಡವಿಕೊಂಡು ಮುಂದೆ ಹೋಗಿ ನಿಲ್ಲುತ್ತದೆ. ಬಿದ್ದ ಕೋನ್ ಹೇಳುವುದನ್ನು ಯಾವ ಭಾಷಣವೂ ಹೇಳಲಾರದು.

ತಪ್ಪಿಸಿಕೊಳ್ಳುವ ಪಾಠ

ಎರಡನೆಯ ಅಭ್ಯಾಸದಲ್ಲಿ ದಾರಿ ಮುಂದೆ ಮೂರು ಕವಲಾಗುತ್ತದೆ. ಕವಲಿನ ಹತ್ತಿರ ಬಂದಾಗ ಶಿಕ್ಷಕ "ಎಡ" ಎನ್ನಬಹುದು, "ಬಲ" ಎನ್ನಬಹುದು, "ನಿಲ್ಲು" ಎನ್ನಬಹುದು. ಬ್ರೇಕು ಒತ್ತಿಕೊಂಡೇ ಚಕ್ರ ತಿರುಗಿಸಿ ಆ ಕವಲನ್ನು ಸೇರಬೇಕು. ಎ.ಬಿ.ಎಸ್.ನ ನಿಜವಾದ ಉಪಯೋಗ ಇಲ್ಲಿ ತಿಳಿಯುತ್ತದೆ: ನಿಲ್ಲುತ್ತಲೇ ತಿರುಗಬಹುದು.

ಇಲ್ಲಿ ಕಣ್ಣಿನ ಪಾತ್ರ ಕೈಗಿಂತ ದೊಡ್ಡದು. ಮನುಷ್ಯನ ಕೈ ಅವನ ಕಣ್ಣು ಹೋದ ಕಡೆಗೇ ಹೋಗುತ್ತದೆ. ಅಡ್ಡಿಯನ್ನೇ ದಿಟ್ಟಿಸುತ್ತಿದ್ದರೆ ಅಡ್ಡಿಗೇ ಹೋಗಿ ಬಡಿಯುತ್ತೇವೆ; ತೆರವಾದ ಜಾಗವನ್ನು ನೋಡಿದರೆ ಕಾರು ಆ ಕಡೆಗೆ ಹೊರಳುತ್ತದೆ. ಓಟ ಮುಗಿದೊಡನೆ ಶಿಕ್ಷಕ ತಪ್ಪನ್ನು ತಾನೇ ಹೇಳಬಾರದು. "ನೋಡಮ್ಮ, ಆಗ ನಿನ್ನ ಕಣ್ಣು ಎಲ್ಲಿತ್ತು?" ಎಂದು ಕೇಳಬೇಕು. ಕೋನ್ ಮೇಲೆಯೇ ಇತ್ತೆಂಬುದು ಅವಳಿಗೇ ಹೊಳೆದರೆ ಪಾಠ ಗಟ್ಟಿಯಾಗುತ್ತದೆ.

ಮೂರನೆಯದು ಸಾಲಾಗಿಟ್ಟ ಕೋನ್‌ಗಳ ನಡುವೆ ಹಾವಿನಂತೆ ಹರಿದು ಹೋಗುವುದು. ಇದು ಮಕ್ಕಳ ಆಟದಂತೆ ಕಂಡರೂ ಕಾರಿನ ಭಾರ ಒಂದು ಪಕ್ಕದಿಂದ ಇನ್ನೊಂದಕ್ಕೆ ಹೇಗೆ ಹೊರಳುತ್ತದೆಂಬುದನ್ನು ತಿಳಿಸುತ್ತದೆ. ತುಂಬಿದ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ನಡೆಯುವ ಹೆಂಗಸು ಥಟ್ಟನೆ ತಿರುಗುವುದಿಲ್ಲ. ಮೆಲ್ಲಗೆ ಮೈಯನ್ನೆಲ್ಲ ತಿರುಗಿಸುತ್ತಾಳೆ. ಕಾರೂ ಅಂಥ ಕೊಡವೇ. ಕೆಲವು ಕಡೆ ಇದೇ ದಾರಿಯಲ್ಲಿ ಒಮ್ಮೆ ಟೆಲಿಫೋನಿನ ಸಂದೇಶವನ್ನು ಓದುತ್ತ ಹೋಗಲು ಹೇಳುತ್ತಾರೆ. ಆಗ ಬೀಳುವ ಕೋನ್‌ಗಳನ್ನು ಹೊರಗೆ ಕುಳಿತ ತಂದೆತಾಯಿಗಳೂ ಎಣಿಸಬಹುದು.

ಜಾರುವೃತ್ತ

ಎಲ್ಲರೂ ಕಾದಿರುವ ಅಭ್ಯಾಸ ಇದು. ನೀರಿನಿಂದ ತೊಯ್ದ ನೆಲದಲ್ಲಿ ಕೋನ್‌ಗಳಿಂದ ದೊಡ್ಡದೊಂದು ವೃತ್ತ. ಕಾರು ಅದರ ಸುತ್ತ ತಿರುಗುತ್ತ ನಿಧಾನವಾಗಿ ವೇಗ ಹೆಚ್ಚಿಸುತ್ತದೆ. ಒಂದು ಹಂತದಲ್ಲಿ ಚಕ್ರ ತಿರುಗಿಸಿದ್ದರೂ ಕಾರಿನ ಮೂತಿ ಒಳಕ್ಕೆ ಬಾರದೆ ಹೊರಹೊರಕ್ಕೆ ಸರಿಯುತ್ತದೆ. ಮುಂದಿನ ಗಾಲಿಗಳ ಹಿಡಿತ ತೀರಿತೆಂದು ಇದರ ಅರ್ಥ. ಕಲಿಯದವನು ಗಾಬರಿಯಿಂದ ಚಕ್ರವನ್ನು ಇನ್ನಷ್ಟು ತಿರುಗಿಸುತ್ತಾನೆ. ಅದರಿಂದ ಜಾರುವಿಕೆ ಇನ್ನಷ್ಟು ಹೆಚ್ಚುತ್ತದೆ. ಮಾಡಬೇಕಾದದ್ದು ಆಕ್ಸಿಲರೇಟರಿನಿಂದ ಕಾಲನ್ನು ಹಗುರವಾಗಿ ಎತ್ತಿ, ಚಕ್ರವನ್ನು ಚೂರು ಹಿಂದಕ್ಕೆ ಬಿಟ್ಟು, ಟೈರು ಮತ್ತೆ ನೆಲ ಹಿಡಿಯಲು ಅವಕಾಶ ಕೊಡುವುದು.

ಇನ್ನೊಂದು ಬಗೆ ಹಿಂಬದಿಯ ಜಾರುವಿಕೆ. ಕಾರಿನ ಬಾಲ ಹೊರಕ್ಕೆ ಬೀಸಿ, ಇಡೀ ಕಾರು ಬುಗುರಿಯಂತೆ ತಿರುಗಲು ನೋಡುತ್ತದೆ. ಹ್ಯಾಂಡ್‌ಬ್ರೇಕಿನ ಹಿಡಿಯಿರುವ ಕಾರಿನಲ್ಲಿ ಶಿಕ್ಷಕ ಅದನ್ನು ಎಳೆದು ಇದನ್ನು ಬೇಕೆಂದೇ ಉಂಟುಮಾಡುತ್ತಾನೆ. ಗಾಲಿಗಳ ಮೇಲಿನ ಭಾರವನ್ನು ಎತ್ತಿ ಹಿಡಿತ ತಗ್ಗಿಸುವ ಸಣ್ಣ ಚಕ್ರಗಳ ಚೌಕಟ್ಟೊಂದನ್ನು ಸ್ವೀಡನ್ನಿನಲ್ಲಿ ಇದಕ್ಕಾಗಿಯೇ ರೂಪಿಸಿದ್ದಾರೆ; ಅದನ್ನು ಕಟ್ಟಿದರೆ ನೀರಿಲ್ಲದ ನೆಲದಲ್ಲಿ, ಸಣ್ಣ ವೇಗದಲ್ಲಿಯೇ ಕಾರು ಜಾರುತ್ತದೆ. ಬಾಲ ಯಾವ ಕಡೆಗೆ ಬೀಸಿತೋ ಆ ಕಡೆಗೇ ಚಕ್ರ ತಿರುಗಿಸಬೇಕು, ಕಣ್ಣು ಮಾತ್ರ ಹೋಗಬೇಕಾದ ದಾರಿಯಲ್ಲಿರಬೇಕು, ಕಾರು ನೇರವಾದೊಡನೆ ಚಕ್ರವೂ ನೇರಕ್ಕೆ ಬರಬೇಕು. ಹೇಳಲು ಮೂರು ಮಾತು. ಮಾಡಿದಾಗ ಹತ್ತರಲ್ಲಿ ಆರು ಬಾರಿ ಕಾರು ಸುತ್ತಿ ಹಿಂದು ಮುಂದಾಗಿ ನಿಂತರೂ ಆಶ್ಚರ್ಯವಿಲ್ಲ.

ಇವುಗಳ ಜೊತೆಗೆ ಸದ್ದಿಲ್ಲದ ಎರಡು ಪಾಠಗಳಿವೆ. ಒಂದು, ಮುಂದಿನ ಕಾರಿನಿಂದ ಇರಬೇಕಾದ ದೂರ. ಎರಡು ಕಾರುಗಳು ಬೇರೆ ಬೇರೆ ಪಟ್ಟಿಯಲ್ಲಿ ಹಿಂದೆ ಮುಂದೆ ಓಡುತ್ತವೆ. ಮುಂದಿನದು ಥಟ್ಟನೆ ನಿಲ್ಲುತ್ತದೆ. ಹಿಂದಿನದು ಅದರ ಪಕ್ಕಕ್ಕೆ ಹೋಗಿ ನಿಂತರೆ, ರಸ್ತೆಯಲ್ಲಿ ಅದರೊಳಕ್ಕೇ ನುಗ್ಗುತ್ತಿತ್ತೆಂದು ಅರ್ಥ. ಎರಡು ಮೂರು ಸೆಕೆಂಡಿನ ಅಂತರವಿಟ್ಟಾಗ ಮಾತ್ರ ಉಳಿಯುತ್ತದೆ. ಇನ್ನೊಂದು, ಡಾಂಬರಿನ ಅಂಚಿನಿಂದ ಗಾಲಿ ಕೆಳಗಿಳಿದಾಗ ಮಾಡಬೇಕಾದದ್ದು. ಬೆದರಿ ಒಮ್ಮೆಗೇ ಚಕ್ರ ಎಳೆದರೆ ಗಾಲಿ ಅಂಚಿಗೆ ಉಜ್ಜಿ, ಥಟ್ಟನೆ ಮೇಲೇರಿ, ಕಾರು ಎದುರಿನಿಂದ ಬರುವವರ ದಾರಿಗೆ ಚಿಮ್ಮುತ್ತದೆ. ಚಕ್ರವನ್ನು ನೇರವಾಗಿ ಹಿಡಿದು, ಕಾಲೆತ್ತಿ, ವೇಗ ಚೆನ್ನಾಗಿ ತಗ್ಗಿದ ಮೇಲೆ ನಿಧಾನವಾಗಿ ಏರಬೇಕು.

ತುಂಬದ ಕೊಡ

ಇಷ್ಟನ್ನು ಕಲಿತವನು ಸುರಕ್ಷಿತ ಚಾಲಕನಾದನೆಂದು ಹೇಳಬಹುದೆ? ಇಲ್ಲಿಯೇ ವಿಷಯದ ಸೂಕ್ಷ್ಮವಿರುವುದು.

ನಾರ್ವೆ ದೇಶ 1979ರಲ್ಲಿ ಹೊಸ ಚಾಲಕರಿಗೆ ಜಾರುನೆಲದ ಪಾಠವನ್ನು ಕಡ್ಡಾಯ ಮಾಡಿತು. 1988ರಲ್ಲಿ ಪ್ರಕಟವಾದ ಪರಿಶೀಲನೆ ಎಲ್ಲರನ್ನೂ ಬೆರಗುಗೊಳಿಸಿತು: ಪಾಠ ಪಡೆದ ಯುವಕರಲ್ಲಿ ಜಾರುರಸ್ತೆಯ ಅಪಘಾತ ಕಡಿಮೆಯಾಗುವುದರ ಬದಲು ಹೆಚ್ಚಿತ್ತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಜಾರಿದರೆ ಸರಿಪಡಿಸಿಕೊಳ್ಳಬಲ್ಲೆನೆಂಬ ಧೈರ್ಯ ಬಂದವನು ಜಾರುವ ವೇಗದಲ್ಲಿಯೇ ಹೋಗುತ್ತಾನೆ. ಅರ್ಧ ದಿನದ ಅಭ್ಯಾಸ ಕೈಯಿಂದ ಬೇಗ ಮರೆಯಾಗುತ್ತದೆ. ಧೈರ್ಯ ಮಾತ್ರ ಉಳಿಯುತ್ತದೆ.

ಸ್ವೀಡನ್ನಿನ ಸಂಶೋಧಕ ನಿಲ್ಸ್ ಪೆಟ್ಟೆರ್ ಗ್ರೆಗೆರ್ಸೆನ್ 1996ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಕಲಿಯುವವರ ಒಂದು ಗುಂಪಿಗೆ ಜಾರುನೆಲದಲ್ಲಿ ಬ್ರೇಕು ಹಿಡಿಯುವ, ತಪ್ಪಿಸಿಕೊಳ್ಳುವ ಕೌಶಲವನ್ನು ಆದಷ್ಟು ಚೆನ್ನಾಗಿ ಕಲಿಸಿದರು. ಇನ್ನೊಂದು ಗುಂಪಿಗೆ ಅದೇ ನೆಲದಲ್ಲಿ, ನಿಮ್ಮ ಕೌಶಲಕ್ಕೆ ಮಿತಿ ಉಂಟು, ಅದನ್ನು ನಂಬಿಕೊಂಡು ಹೋಗಬೇಡಿ ಎಂಬುದನ್ನು ಮನಗಾಣಿಸಿದರು. ಅನಂತರ ಪರೀಕ್ಷಿಸಿದಾಗ ಕೆಲಸದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ತಮ್ಮ ಸಾಮರ್ಥ್ಯವನ್ನು ಇರುವುದಕ್ಕಿಂತ ಹೆಚ್ಚಾಗಿ ಎಣಿಸಿದವರು ಮೊದಲ ಗುಂಪಿನವರು.

ತುಂಬಿದ ಕೊಡ ತುಳುಕುವುದಿಲ್ಲ; ತುಳುಕುವುದು ಅರೆಗೊಡವೇ. ಸ್ವೀಡನ್ 1999ರಲ್ಲಿ ತನ್ನ ಜಾರುನೆಲದ ಪಾಠದ ಗುರಿಯನ್ನೇ ಬದಲಿಸಿ, ಕೌಶಲಕ್ಕಿಂತ ಅಪಾಯದ ಅರಿವಿಗೆ ಪ್ರಾಧಾನ್ಯ ಕೊಟ್ಟಿತು. 2009ರಿಂದ ಅಲ್ಲಿ ಈ ಅರಿವಿನ ಪಾಠ ಎರಡು ಭಾಗವಾಗಿದೆ: ಮದ್ಯ, ಆಯಾಸ, ದುಡುಕು ಇವುಗಳ ವಿಚಾರ ಒಂದು, ವೇಗ ಮತ್ತು ರಸ್ತೆಯ ಹಿಡಿತವನ್ನು ಬಯಲಿನಲ್ಲಿ ಅನುಭವಿಸುವುದು ಇನ್ನೊಂದು. ಆಸ್ಟ್ರಿಯಾದಲ್ಲಿ 2003ರಿಂದ ಲೈಸೆನ್ಸು ಪಡೆದವರು ಆಮೇಲಿನ ತಿಂಗಳುಗಳಲ್ಲಿ ಒಂದು ದಿನ ಬಯಲಿನ ಅಭ್ಯಾಸಕ್ಕೆ ಬರಬೇಕು. ಅಂದೇ ಮನಶ್ಶಾಸ್ತ್ರಜ್ಞರೊಡನೆ ಗುಂಪಾಗಿ ಕುಳಿತು ಮಾತುಕತೆಯೂ ನಡೆಯಬೇಕು.

ಆದುದರಿಂದ ಅಭ್ಯಾಸಗಳು ಅವೇ ಆಗಿದ್ದರೂ ಅವನ್ನು ನಡೆಸುವ ರೀತಿಯಿಂದ ಫಲ ಬೇರೆಯಾಗುತ್ತದೆ. ವಿದ್ಯಾರ್ಥಿ ಗೆದ್ದಾಗ ಚಪ್ಪಾಳೆ ತಟ್ಟಿ ನಿಲ್ಲಿಸಿದರೆ ಪಾಠ ಅರ್ಧವಾಯಿತು. ಗೆದ್ದ ಮೇಲೆ ವೇಗವನ್ನು ಹತ್ತು ಹೆಚ್ಚಿಸಿ, ಅಥವಾ ಕವಲನ್ನು ಐದು ಮೀಟರು ಹತ್ತಿರ ತಂದು, ಸೋಲುವವರೆಗೆ ಒಯ್ಯಬೇಕು. "ಈಗ ಏಕೆ ಆಗಲಿಲ್ಲ? ಏನು ಮಾಡಿದ್ದರೆ ಈ ಸ್ಥಿತಿಯೇ ಬರುತ್ತಿರಲಿಲ್ಲ?" ಎಂದು ಕೇಳಬೇಕು. ಉತ್ತರ ಪ್ರತಿ ಸಲವೂ ಒಂದೇ: ಇನ್ನಷ್ಟು ನಿಧಾನ, ಇನ್ನಷ್ಟು ದೂರ, ಇನ್ನಷ್ಟು ಮುಂಚಿನ ನೋಟ. ಜಾರಿದ ಕಾರನ್ನು ನೇರಮಾಡುವುದು ವಿದ್ಯೆಯಾದರೆ, ಜಾರದಂತೆ ಓಡಿಸುವುದು ವಿವೇಕ. ಬಯಲು ಇರುವುದು ಈ ವಿವೇಕಕ್ಕಾಗಿ. ಓಟದ ಪಂದ್ಯ, ಸಮಯದ ಎಣಿಕೆ, ಬಹುಮಾನ ಇವು ಅಲ್ಲಿ ಸುಳಿಯಕೂಡದು.

ನಮ್ಮಲ್ಲಿ

ನಮ್ಮ ದೇಶದ ಬಹುಭಾಗದಲ್ಲಿ ಹಿಮವಿಲ್ಲ. ಆದರೆ ಬೇಸಿಗೆಯ ಧೂಳೂ ಎಣ್ಣೆಯ ಜಿಡ್ಡೂ ಕೂಡಿದ ರಸ್ತೆಯ ಮೇಲೆ ಮೊದಲ ಮಳೆ ಬಿದ್ದಾಗ ಆಗುವ ಜಾರಿಕೆ ಯಾವ ಜಾರುನೆಲಕ್ಕೂ ಕಡಿಮೆಯಲ್ಲ. ಆಗುಂಬೆಯ, ಚಾರ್ಮಾಡಿಯ ತಿರುವುಗಳಲ್ಲಿ ಮಳೆಗಾಲದಲ್ಲಿ ಇಳಿದವರಿಗೆ ಇದನ್ನು ಹೇಳಬೇಕಾಗಿಲ್ಲ. 2021ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳ ಪ್ರಕಾರ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಲ್ಲಿ ಯಂತ್ರದ ಮೇಲೆ ಅಭ್ಯಾಸ ಮಾಡುವ ಅನುಕೂಲವೂ ಪ್ರತ್ಯೇಕ ಓಡುದಾರಿಯೂ ಇರಬೇಕು. ಲಘು ವಾಹನದ ಶಿಕ್ಷಣ ನಾಲ್ಕು ವಾರದೊಳಗೆ 29 ಗಂಟೆ. ಪ್ರತ್ಯೇಕ ದಾರಿ ಇರುವಲ್ಲಿ ಪೂರ್ತಿ ಬ್ರೇಕಿನ ಪಾಠವನ್ನಾದರೂ ನಡೆಸುವುದು ಅಸಾಧ್ಯವೇನಲ್ಲ. ಮಕ್ಕಳನ್ನು ಕಲಿಯಲು ಕಳಿಸುವ ತಂದೆತಾಯಿಗಳು ಶುಲ್ಕ ಎಷ್ಟೆಂದು ಕೇಳುವುದರ ಜೊತೆಗೆ, ಎ.ಬಿ.ಎಸ್. ಬ್ರೇಕನ್ನು ಒಮ್ಮೆ ಒತ್ತಿ ತೋರಿಸುತ್ತೀರಾ ಎಂದೂ ಕೇಳಲಿ.

ಮನೆಯಲ್ಲಿ ಮಾಡಬಹುದಾದದ್ದೂ ಉಂಟು. ಕೂರುವ ಕ್ರಮ, ಟೈರಿನ ಗಾಳಿ, ಸೀಟಿನ ಕೆಳಗಿನ ಸೀಸೆ, ಮುಂದಿನ ಕಾರಿನಿಂದ ಮೂರು ಸೆಕೆಂಡಿನ ಅಂತರ ಇವಕ್ಕೆ ಬಯಲೂ ಬೇಡ, ಖರ್ಚೂ ಇಲ್ಲ. ಆದರೆ ಜಾರಿಸುವ ಅಭ್ಯಾಸವನ್ನು ಊರಿನ ರಸ್ತೆಯಲ್ಲಾಗಲಿ, ಶಾಲೆಯ ಆಟದ ಮೈದಾನದಲ್ಲಾಗಲಿ, ಶಿಕ್ಷಕನಿಲ್ಲದೆ ಯಾರೂ ಮಾಡಕೂಡದು. ಕಾವಲಿಲ್ಲದ ಬಯಲು ಬಯಲಲ್ಲ, ಅದೂ ರಸ್ತೆಯೇ.

ಇಂಥ ಶಾಲೆ ಫಲ ಕೊಟ್ಟಿತೋ ಇಲ್ಲವೋ ಎಂಬುದನ್ನು ತಿಳಿಯಲು ಪರೀಕ್ಷೆ ಬೇಕಾಗಿಲ್ಲ. ಸಂಜೆ ಮನೆಗೆ ಮರಳುವಾಗಿನ ಮಾತು ಸಾಕು. ಮಗ "ಇನ್ನು ನನಗೆ ಯಾವ ರಸ್ತೆಯೂ ಲೆಕ್ಕಕ್ಕಿಲ್ಲ" ಎಂದರೆ ಆ ದಿನ ವ್ಯರ್ಥವಾಯಿತು. "ಅಪ್ಪಾ, ಮುಂದಿನ ಕಾರಿಗೆ ಬಹಳ ಹತ್ತಿರ ಹೋಗ್ತಾ ಇದ್ದೀರಿ, ಸ್ವಲ್ಪ ಹಿಂದೆ ಇರಿ" ಎಂದು ಮಗಳು ಹೇಳಿದರೆ, ತಂದೆಗೆ ಚೂರು ಮುಜುಗರವಾದರೂ, ಬಯಲಿಗೆ ಹೋಗಿ ಬಂದದ್ದು ಸಾರ್ಥಕ.